ಕೈಯಲ್ಲಿ ಮಾಡಿದ ಒಡವೆಯಲ್ಲಿ ಅಂಥದ್ದೇನಿದೆ?

"ಯಂತ್ರದಲ್ಲಿ ಮಾಡಿದ ಒಡವೆಯೇ ಇಷ್ಟು ನಯವಾಗಿರುವಾಗ ಕೈಕೆಲಸದ ಹಳೇ ಮಾದರಿಗೆ ಯಾಕಿಷ್ಟು ಬೆಲೆ? ಬರೀ ಭಾವನೆ ತಾನೆ?" ಎಂದು ಕೇಳಿದ್ದೀರಿ.

ಭಾವನೆ ಇದೆ, ನಿಜ. ಆದರೆ ಲೋಹದ ಒಳಗೇ ಒಂದು ಕಾರಣ ಇದೆ. ನಾನು ಬೆಳ್ಳಿ ತಂತಿಯ ಕೆಲಸ ಕಲಿತವಳು, ಹಾಗಾಗಿ ಮೊದಲು ಅದನ್ನೇ ಹೇಳುತ್ತೇನೆ.

ರಾಶಿ ರಾಶಿಯಾಗಿ ತಯಾರಾಗುವ ಒಡವೆಗಳಲ್ಲಿ ಎರಕ ಹೊಯ್ದವು ಜಾಸ್ತಿ. ಕರಗಿದ ಲೋಹ ಅಚ್ಚಿನಲ್ಲಿ ಆರುವಾಗ ಒಳಗೆ ಸಣ್ಣ ಗುಳ್ಳೆಗಳು ಉಳಿಯುವುದುಂಟು. ಸುತ್ತಿಗೆಯಲ್ಲಿ ಬಡಿದ, ಉಕ್ಕಿನ ಪಟ್ಟಿಯ ತೂತುಗಳಲ್ಲಿ ತಂತಿಯಾಗಿ ಎಳೆದ ಲೋಹ ಹಾಗಲ್ಲ. ಪೆಟ್ಟು ತಿಂದಷ್ಟೂ ಅದು ಗಟ್ಟಿಯಾಗುತ್ತದೆ. ಅತಿಯಾದರೆ ಬಿರುಕು ಬಿಡುತ್ತದೆ. ಅದಕ್ಕೇ ಅಕ್ಕಸಾಲಿಗರು ನಡುನಡುವೆ ಕಾಯಿಸಿ ಮೆದು ಮಾಡಿಕೊಳ್ಳುತ್ತಾರೆ. ಹದ ತಿಳಿಯುವುದು ಬಣ್ಣದಿಂದ. ಬೆಳ್ಳಿ ಮಂಕು ಕೆಂಪಿಗೆ ತಿರುಗಿದರೆ ಸಾಕು. ಆ ಕೆಂಪು ಕಣ್ಣಿಗೆ ಕಾಣಲೆಂದೇ ಕುಲುಮೆಯ ಹತ್ತಿರ ಬೆಳಕು ಕಮ್ಮಿ ಇಟ್ಟುಕೊಳ್ಳುತ್ತಾರೆ. ಹೀಗೆ ಪಳಗಿದ ಲೋಹವನ್ನು ತೀರಾ ತೆಳ್ಳಗೆ ಬಳಸಬಹುದು. 1 ಗ್ರಾಂ ಚಿನ್ನದಿಂದ 2 ಕಿ.ಮೀ. ಉದ್ದದ ಎಳೆ ತೆಗೆಯಬಹುದು! ಒಡಿಶಾದ ಕಟಕ್‌ನ ತಾರಕಸಿ, ಅಂದರೆ ತೆಳು ಬೆಳ್ಳಿ ತಂತಿ ಹೆಣೆದು ಒಡವೆ ಮಾಡುವ ಕೆಲಸ, ನಿಂತಿರುವುದು ಬೆಳ್ಳಿಯ ಇಂಥದೇ ಗುಣದ ಮೇಲೆ.

ನನಗೆ ಎಲ್ಲಕ್ಕಿಂತ ಅಚ್ಚರಿ ತರುವುದು ಒಡವೆಯ ಮೇಲೆ ಚಿನ್ನದ ಪುಟ್ಟ ಕಾಳುಗಳನ್ನು ಕೂರಿಸುವ ಕೆಲಸ. ಇಟಲಿಯಲ್ಲಿ ಹಿಂದೆ ಬಾಳಿದ ಎಟ್ರುಸ್ಕನ್ ಜನರು ಸುಮಾರು 2,600 ವರ್ಷಗಳ ಹಿಂದೆಯೇ ಕಾಲು ಮಿಲಿಮೀಟರಿನಷ್ಟು ಚಿಕ್ಕ ಕಾಳುಗಳನ್ನು ಸಾಲಾಗಿ ಕೂರಿಸುತ್ತಿದ್ದರು. ಚಿನ್ನದ ಚೂರುಗಳನ್ನು ಇದ್ದಿಲ ಪುಡಿಯಲ್ಲಿಟ್ಟು ಕಾಯಿಸಿದರೆ ಅವು ತಾವಾಗಿಯೇ ದುಂಡಗಾಗುತ್ತವೆ. ಅಂಟಿಸುವುದು ಕಷ್ಟ. ಸಾಮಾನ್ಯ ಬೆಸುಗೆ ಹಾಕಿದರೆ ಅದು ಹರಿದು ಕಾಳುಗಳ ಸಂದನ್ನೆಲ್ಲ ಮುಚ್ಚಿಬಿಡುತ್ತದೆ. 19ನೇ ಶತಮಾನದಲ್ಲಿ ರೋಮ್‌ನ ಕಾಸ್ಟೆಲ್ಲಾನಿ ಎಂಬ ಅಕ್ಕಸಾಲಿಗ ಮನೆತನದವರು ಎಷ್ಟು ಪ್ರಯತ್ನಪಟ್ಟರೂ ಹಳಬರ ಮಟ್ಟ ಮುಟ್ಟಲಾಗಲಿಲ್ಲ. 1930ರ ದಶಕದಲ್ಲಿ ಇಂಗ್ಲೆಂಡಿನ ಲಿಟಲ್‌ಡೇಲ್ ಎಂಬವರು ಒಂದು ದಾರಿ ತೋರಿಸಿದರು. ತಾಮ್ರದ ಲವಣವನ್ನು ಅಂಟಿನಲ್ಲಿ ಕಲಸಿ ಕಾಳು ಕೂರಿಸಬೇಕು. ಕಾಯಿಸಿದಾಗ ಅಂಟು ಸುಟ್ಟು ಇದ್ದಿಲಾಗುತ್ತದೆ, ಲವಣದಿಂದ ತಾಮ್ರ ಹೊರಬರುತ್ತದೆ. ಚಿನ್ನ ಕರಗಲು 1,064 ಡಿಗ್ರಿ ಸೆಲ್ಸಿಯಸ್ ಬೇಕು. ತಾಮ್ರ ಬೆರೆತ ಕಡೆ ಅದಕ್ಕಿಂತ ಮೊದಲೇ ಕರಗಿ, ಕಾಳು ತಳಕ್ಕೆ ತಾಗಿದ ಚುಕ್ಕೆಯಲ್ಲಿ ಮಾತ್ರ ಬೆಸೆದುಕೊಳ್ಳುತ್ತದೆ. ಒಂದು ಕ್ಷಣ ಹೆಚ್ಚು ಕಾಯಿಸಿದರೆ ಇಡೀ ಕೆಲಸ ಮುದ್ದೆ. ಇಂಥದ್ದನ್ನು ಶಾಖ ಅಳೆಯುವ ಉಪಕರಣಗಳಿಲ್ಲದ ಕಾಲದಲ್ಲಿ ಬರೀ ಕಣ್ಣಳತೆಯಲ್ಲಿ ಮಾಡಿದ್ದಾರಲ್ಲ, ಅವರಿಗೆ ಕೈಮುಗಿಯಬೇಕು ಅನಿಸುತ್ತದೆ.

ಇನ್ನು ಅರ್ಥದ ಮಾತು. ದಕ್ಷಿಣ ಆಫ್ರಿಕಾದ ಬ್ಲೊಂಬೊಸ್ ಗುಹೆಯಲ್ಲಿ ಸಿಕ್ಕ ತೂತು ಕೊರೆದ ಚಿಪ್ಪಿನ ಮಣಿಗಳಿಗೆ ಸುಮಾರು 75,000 ವರ್ಷ. ಬೇಸಾಯಕ್ಕೂ ಮಡಕೆಗೂ ಎಷ್ಟೋ ಮೊದಲೇ ಮನುಷ್ಯ ಮಣಿ ಪೋಣಿಸಿದ್ದಾನೆ. ನಾನು ಯಾರು, ಯಾರ ಕಡೆಯವಳು ಎಂದು ಬಾಯಿ ಬಿಡದೆ ಹೇಳುವ ದಾರಿ ಅದು. ಕೆಲವರಿಗೆ ಒಡವೆ ರಕ್ಷೆ, ಕೆಲವರಿಗೆ ಕಷ್ಟಕಾಲದ ಗಂಟು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಸತ್ತವರ ಕೂದಲನ್ನು ಹೆಣೆದು ಪದಕದಲ್ಲಿ ಇಟ್ಟುಕೊಳ್ಳುತ್ತಿದ್ದರು. ಅಂಥದ್ದನ್ನು ಸಾವಿರದ ಲೆಕ್ಕದಲ್ಲಿ ಅಚ್ಚು ಹೊಡೆಯಲು ಆಗಲ್ಲ, ಅಲ್ವಾ? ಒಬ್ಬರಿಗಾಗಿ ಒಬ್ಬರು ಕೂತು ಮಾಡಬೇಕು. ನನ್ನ ಮಟ್ಟಿಗೆ ಕೈಕೆಲಸದ ಬೆಲೆ ಇರುವುದು ಇಲ್ಲೇ.

ಯಂತ್ರದ ಒಡವೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಕೈಕೆಲಸ ಎಂದು ಸುಮ್ನೆ ಹೆಸರು ಹಚ್ಚಿ ಮಾರುವುದು ಮಾತ್ರ ನನಗೆ ಹಿಡಿಸುವುದಿಲ್ಲ. ಕೊಳ್ಳುವಾಗ ಒಡವೆಯನ್ನು ತಿರುಗಿಸಿ ಹಿಂಭಾಗ ನೋಡಿ. ಅಲ್ಲಿ ಬೆಸುಗೆಯ ಗುರುತು, ಸುತ್ತಿಗೆಯ ಪೆಟ್ಟು ಕಾಣಬಹುದು. ಎರಡೂ ಕಿವಿಯ ಓಲೆಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಥರ ಇದ್ದರೆ ಹೇಗೆ ಮಾಡಿದ್ದು ಎಂದು ಕೇಳಿ. ಮನೆಯಲ್ಲಿ ಹಳೆಯದು ಇದ್ದರೆ ಕರಗಿಸಲು ಅವಸರ ಮಾಡಬೇಡಿ. ಕರಗಿಸಿದರೆ ಸಿಗುವುದು ತೂಕದ ಬೆಲೆ ಅಷ್ಟೇ. ಕೊಂಡಿ ಸವೆದಿದ್ದರೆ ಕೊಂಡಿ ಮಾತ್ರ ಬದಲಿಸಿ. ಬೆಳ್ಳಿಯ ಕೆತ್ತನೆಯ ಸಂದಿನಲ್ಲಿರುವ ಕಪ್ಪನ್ನು ಪೂರ್ತಿ ಉಜ್ಜಿ ತೆಗೆಯಬೇಡಿ. ಎಷ್ಟೋ ಸಲ ಚಿತ್ತಾರ ಎದ್ದು ಕಾಣಲಿ ಎಂದು ಮಾಡಿದವರೇ ಅದನ್ನು ಬಿಟ್ಟಿರುತ್ತಾರೆ.