ಯುದ್ಧದಾಟದ ಮೇಜಿಗೆ ಚಿರೆಕಲ್ಲಿನ ಕಟ್ಟಡ ಮಾಡಲು ಥರ್ಮೋಕೋಲ್ ಸಾಕೇ?

ಚಿರೆಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ಕರಾವಳಿ ಕೋಟೆಯೊಂದನ್ನೂ ಅದರ ಬುಡದ ಹಳ್ಳಿಯನ್ನೂ 28 ಮಿ.ಮೀ. ಎತ್ತರದ ಸೈನಿಕ ಗೊಂಬೆಗಳನ್ನು ಮೇಜಿನ ಮೇಲೆ ನಡೆಸುವ ಯುದ್ಧದಾಟಕ್ಕಾಗಿ ಮಾಡಹೊರಟಿದ್ದೀರಿ. ಥರ್ಮೋಕೋಲಿನ ಗೋಡೆಗೆ ಎಷ್ಟು ಬಣ್ಣ ಬಳಿದರೂ ಅದು ಕಲ್ಲಿನಂತೆ ಕಾಣುತ್ತಿಲ್ಲ, ಹಾಗಾದರೆ 3ಡಿ ಪ್ರಿಂಟರ್ ಕೊಳ್ಳಲೇಬೇಕೇ ಎಂದು ಕೇಳಿದ್ದೀರಿ. ಕೊಳ್ಳಬೇಕಾಗಿಲ್ಲ. ನಾನು ಕುಮಟಾದಲ್ಲಿದ್ದು, ಬಿಡುವಿನಲ್ಲಿ ಇಂಥ ಕಟ್ಟಡಗಳನ್ನು ಮಾಡುವವನು. ಸಾಮಗ್ರಿ ಯಾವುದೆಂಬುದು ಎರಡನೆಯ ಮಾತು; ಮೇಲ್ಮೈಯ ಒರಟುತನವನ್ನು ಯಾವ ಅಳತೆಯಲ್ಲಿ ಮೂಡಿಸುತ್ತೀರಿ ಎಂಬುದೇ ಮೊದಲನೆಯದು.

28 ಮಿ.ಮೀ. ಗೊಂಬೆಯೆಂದರೆ ಸುಮಾರು 1:56ರ ಪ್ರಮಾಣ, ಅಂದರೆ ನಿಜದ 56 ಸೆಂ.ಮೀ. ಇಲ್ಲಿ 1 ಸೆಂ.ಮೀ. ನಮ್ಮ ಕಡೆಯ ಚಿರೆಕಲ್ಲು ಹೆಚ್ಚುಕಡಿಮೆ 40 ಸೆಂ.ಮೀ. ಉದ್ದ, 20 ಸೆಂ.ಮೀ. ಎತ್ತರವಿರುತ್ತದೆ ಎಂದಿಟ್ಟುಕೊಂಡರೆ, ಮೇಜಿನ ಮೇಲೆ ಅದು 7 ಮಿ.ಮೀ. ಉದ್ದ, 3.5 ಮಿ.ಮೀ. ಎತ್ತರದ ತುಂಡಾಗುತ್ತದೆ. ಆ ಕಲ್ಲಿನ ಮೈಮೇಲಿನ 1 ಸೆಂ.ಮೀ. ಅಗಲದ ಗುಳಿಯಾದರೋ 0.2 ಮಿ.ಮೀ.ಗೂ ಕಡಿಮೆಯಾಗಿ, ಎರಡು ಕೈ ಬಣ್ಣ ಬಿದ್ದೊಡನೆ ಮುಚ್ಚಿಯೇ ಹೋಗುತ್ತದೆ. ಆಡುವವರು ಕಟ್ಟಡವನ್ನು ನೋಡುವುದು ಎರಡು ಮೂರು ಅಡಿ ದೂರದಿಂದ. ಅಲ್ಲಿಂದ ಗುಳಿ ಕಾಣಬೇಕಾದರೆ ಅದನ್ನು ಲೆಕ್ಕಕ್ಕಿಂತ ಮೂರು ನಾಲ್ಕು ಪಟ್ಟು ದೊಡ್ಡದಾಗಿ, ಆಳವಾಗಿ ಒತ್ತಲೇಬೇಕು. ಕಲ್ಲನ್ನೂ 10 ಮಿ.ಮೀ. ಉದ್ದ, 5 ಮಿ.ಮೀ. ಎತ್ತರಕ್ಕೆ ಹಿಗ್ಗಿಸಿದರೆ ಯಾರೂ ಆಕ್ಷೇಪಿಸುವುದಿಲ್ಲ, ಕೊರೆಯಬೇಕಾದ ಕಲ್ಲುಗಳ ಸಂಖ್ಯೆಯೂ ಸುಮಾರು ಅರ್ಧಕ್ಕಿಳಿಯುತ್ತದೆ.

ಸಾಧ್ಯವಾದರೆ ಕೆಲಸಕ್ಕೆ ಕೈಹಾಕುವ ಮೊದಲು ಮಿರ್ಜಾನ್ ಕೋಟೆಗೆ ಒಮ್ಮೆ ಹೋಗಿ ಬನ್ನಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ತಳುಕು ಹಾಕಿಕೊಂಡಿರುವ ಆ ಕೋಟೆ ಚಿರೆಕಲ್ಲಿನದೇ ಆದ್ದರಿಂದ, ಇದಕ್ಕಿಂತ ಒಳ್ಳೆಯ ಮಾದರಿ ನಿಮಗೆ ಸಿಗಲಾರದು. ಗೋಡೆಯ ಹತ್ತಿರ ನಿಂತು ನೋಡಿದರೆ ಗುಳಿಗಳು ಎಲ್ಲೆಡೆ ಒಂದೇ ಸಮನಾಗಿಲ್ಲವೆಂಬುದು ತಿಳಿಯುತ್ತದೆ: ಒಂದು ಕಲ್ಲು ಜರಡಿಯಂತೆ ತೂತುತೂತಾಗಿದ್ದರೆ ಪಕ್ಕದ್ದು ಬಹುತೇಕ ನುಣುಪಾಗಿರುತ್ತದೆ, ಮೂಲೆಗಳು ಸವೆದು ದುಂಡಗಾಗಿರುತ್ತವೆ. ಮಳೆ ನೇರವಾಗಿ ಬಡಿಯುವ ಮೇಲಿನ ಸಾಲುಗಳು ಪಾಚಿಯಿಂದ ಕಪ್ಪಾಗಿದ್ದು, ಕಮಾನಿನ ಒಳಮೈಯಂತಹ ಮರೆಯ ಜಾಗದಲ್ಲಿ ಮಾತ್ರ ಕೆಂಪು ಉಳಿದಿರುತ್ತದೆ. ಇಡೀ ಗೋಡೆಗೆ ಇಟ್ಟಿಗೆಯ ಕೆಂಪು ಬಳಿದು, ಎಲ್ಲ ಕಲ್ಲಿಗೂ ಒಂದೇ ರೀತಿಯ ಚುಕ್ಕೆ ಇಟ್ಟ ಕೋಟೆಗಳು ಆಟಿಕೆಯಂತೆ ಕಾಣುವುದು ಈ ಕಾರಣಕ್ಕೇ.

ಇನ್ನು ಸಾಮಗ್ರಿಯ ವಿಷಯ. ಹಿಂದೆ ಗಣೇಶನ ಮಂಟಪಕ್ಕೆ ತರುತ್ತಿದ್ದ ಥರ್ಮೋಕೋಲು ಸಣ್ಣ ಮಣಿಗಳನ್ನು ಉಬ್ಬಿಸಿ ಅಂಟಿಸಿದ್ದಾದ್ದರಿಂದ, ಅದರಲ್ಲಿ ಗೆರೆ ಕೊರೆದರೆ ಮಣಿ ಕಿತ್ತು ಬರುತ್ತದೆ. ಎಕ್ಸ್‌ಪಿಎಸ್ ಎಂಬ ಹೆಸರಿನ, ಕಟ್ಟಡಗಳ ಛಾವಣಿಗೆ ಶಾಖ ತಡೆಯಲು ಹಾಕುವ ನೀಲಿ ಅಥವಾ ಗುಲಾಬಿ ಹಲಗೆಯಲ್ಲಿ ಮಣಿಗಳಿಲ್ಲ. ಖಾಲಿ ಬಾಲ್‌ಪೆನ್ನಿನಿಂದ ಒತ್ತಿದ ಗೆರೆ ಒತ್ತಿದ ಹಾಗೆಯೇ ನಿಲ್ಲುತ್ತದೆ. ಅದು ಸಿಕ್ಕರೆ ಅದನ್ನೇ ಬಳಸಿ. ಸಿಗದಿದ್ದರೆ ಥರ್ಮೋಕೋಲಿನ ಮೇಲೆ ಗೋಡೆಗೆ ಬಳಿಯುವ ಪುಟ್ಟಿಗೆ ತುಸು ಫೆವಿಕಾಲ್ ಬೆರೆಸಿ, 1ರಿಂದ 2 ಮಿ.ಮೀ. ದಪ್ಪ ಮೆತ್ತಿ, ಅದು ಅರ್ಧ ಬಿಗಿದಾಗ ಕಲ್ಲಿನ ಸಾಲು ಕೊರೆಯಿರಿ. ಅದಕ್ಕಿಂತ ದಪ್ಪವಾದರೆ ಬಿರುಕು ಬಿಡುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸನ್ನು ನಾನು ಶಿಫಾರಸು ಮಾಡುವುದಿಲ್ಲ. ನಮ್ಮ ಕರಾವಳಿಯ ತೇವದಲ್ಲಿ ಬಿಚ್ಚಿದ ಪೊಟ್ಟಣವೇ ಬೇಗ ಕೆಟ್ಟುಹೋಗುತ್ತದೆ.

ಸಾಲು ಕೊರೆದ ಮೇಲೆ ಅಲ್ಯೂಮಿನಿಯಂ ಫಾಯಿಲನ್ನು ಸಡಿಲವಾಗಿ ಉಂಡೆ ಮಾಡಿ ಗೋಡೆಯ ಮೇಲೆ ಒತ್ತುತ್ತ ಉರುಳಿಸಿ. ಒಟ್ಟು ಒರಟುತನ ಅದರಿಂದ ಬರುತ್ತದೆ. ಬಳಿಕ ಆಯ್ದ ಕೆಲವು ಕಲ್ಲುಗಳಿಗೆ ಮಾತ್ರ ತಂತಿ ಬ್ರಷ್ಷಿನ ತುದಿಯಿಂದ ಚುಚ್ಚಿ, ಅಲ್ಲೊಂದು ಇಲ್ಲೊಂದು ಗುಳಿಯನ್ನು ಮೊಳೆಯಿಂದ ಹಿಗ್ಗಿಸಿ. ಮೊದಲ ಲೇಪ ಕಪ್ಪು ಅಕ್ರಿಲಿಕ್ ಬಣ್ಣ ಮತ್ತು ಫೆವಿಕಾಲಿನ ಮಿಶ್ರಣವಾಗಿರಲಿ. ಗುಳಿಗಳ ತಳದವರೆಗೂ ಅದು ಇಳಿಯಬೇಕು. ಡಬ್ಬಿಯ ಸ್ಪ್ರೇ ಬಣ್ಣವನ್ನು ಈ ಹಂತದಲ್ಲಿ ಬಳಸಲೇಬೇಡಿ, ಅದರ ದ್ರಾವಕ ಥರ್ಮೋಕೋಲು, ನೀಲಿ ಹಲಗೆ ಎರಡನ್ನೂ ಕರಗಿಸಿಬಿಡುತ್ತದೆ. ಚಪ್ಪಲಿಗೆ ಹಾಕುವ ರಬ್ಬರ್ ಅಂಟಿಗೂ ಇದೇ ದೋಷವಿದೆ. ಕಪ್ಪು ಒಣಗಿದ ಮೇಲೆ ಕೆಮ್ಮಣ್ಣಿನ ಬಣ್ಣವನ್ನು ಗುಳಿಗಳೊಳಗೆ ಹೋಗದಂತೆ ಬಳಿದು, ಕೊನೆಗೆ ಹಳದಿ ಮಿಶ್ರಿತ ತಿಳಿ ಬಣ್ಣವನ್ನು ಬಹುತೇಕ ಒಣಗಿದ ಬ್ರಷ್ಷಿನಿಂದ ಅಂಚುಗಳಿಗಷ್ಟೇ ಸವರಿ. ಪಾಚಿಗೆ ಕಪ್ಪುಹಸಿರನ್ನು ನೀರಾಗಿಸಿ ಮೇಲಿನಿಂದ ಇಳಿಯಬಿಟ್ಟರಾಯಿತು.

ಛಾವಣಿಯಲ್ಲಿ ಕಾಲದ ಪ್ರಶ್ನೆಯಿದೆ. ಮಂಗಳೂರು ಹೆಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಶನ್ನಿನವರು ಆರಂಭಿಸಿದ್ದು 1865ರಲ್ಲಿ. ನಿಮ್ಮ ಆಟ 16ನೇ ಶತಮಾನದ್ದಾದರೆ ಆ ಚಪ್ಪಟೆ ಹೆಂಚು ಅಲ್ಲಿ ಬರುವಂತಿಲ್ಲ. ಅರೆಗೊಳವೆಯಾಕಾರದ ನಾಡಹೆಂಚು ಅಥವಾ ಹುಲ್ಲು, ಮಡಲು (ತೆಂಗಿನ ಗರಿ), ಸೋಗೆಯ (ಅಡಿಕೆ ಗರಿಯ) ಮಾಡೇ ಸರಿ. ನಾಡಹೆಂಚಿಗೆ ಬಲ್ಬಿನ ಪೆಟ್ಟಿಗೆಯಲ್ಲಿರುವ ಸಣ್ಣ ಅಲೆಯ ರಟ್ಟಿನ ಮೇಲ್ಪದರ ಸುಲಿದು, ಪಟ್ಟಿಗಳಾಗಿ ಕತ್ತರಿಸಿ, ಸೂರಿನಿಂದ ನೆತ್ತಿಯ ಕಡೆಗೆ ಒಂದರ ಮೇಲೊಂದು ಬರುವಂತೆ ಅಂಟಿಸಿ. ಶಿರಸಿ ಕಡೆಯ ಸೋಗೆಯ ಮನೆ ಬೇಕೆಂದರೆ ತೆಂಗಿನ ನಾರನ್ನು ಒಂದೇ ಉದ್ದಕ್ಕೆ ಕತ್ತರಿಸಿ ಅದೇ ಕ್ರಮದಲ್ಲಿ ಸಾಲುಸಾಲಾಗಿ ಕೂರಿಸಬಹುದು. ಬಾಗಿಲಿನ ಹಲಗೆಗೆ ಐಸ್‌ಕ್ರೀಂ ಕಡ್ಡಿ ಧಾರಾಳವಾಯಿತು.

ಇದು ಆಡುವ ಕಟ್ಟಡವೆಂಬುದನ್ನೂ ನೆನಪಿನಲ್ಲಿಡಬೇಕು. 90 ಸೆಂ.ಮೀ. ಅಗಲದ ಬಾಗಿಲು ಪ್ರಮಾಣದಂತೆ 16 ಮಿ.ಮೀ. ಆಗುತ್ತದೆ, ಆದರೆ ಗೊಂಬೆ ನಿಂತಿರುವ ಬಿಲ್ಲೆಯೇ ಸಾಮಾನ್ಯವಾಗಿ 25 ಮಿ.ಮೀ. ಇರುವುದರಿಂದ 28 ಮಿ.ಮೀ. ಅಗಲ, 40 ಮಿ.ಮೀ. ಎತ್ತರ ಕೊಡಿ. ಮಾಡನ್ನು ಅಂಟಿಸದೆ ಎತ್ತಿಡುವಂತೆ ಬಿಟ್ಟರೆ ಒಳಗೆ ಗೊಂಬೆಗಳನ್ನು ಇಡಬಹುದು. ಜಗುಲಿಯನ್ನು ಒಂದು ಬಿಲ್ಲೆ ಹಿಡಿಯುವಷ್ಟು ಅಗಲ ಮಾಡಿದರೆ ಅಲ್ಲಿಯೂ ಒಬ್ಬ ಸೈನಿಕ ಮರೆಯಾಗಿ ನಿಲ್ಲಬಲ್ಲ. ಕಟ್ಟಡದ ತಳಕ್ಕೆ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆ ಬೇಡ, ಅದು ಒದ್ದೆ ಫೆವಿಕಾಲಿಗೆ ಬಾಗುತ್ತದೆ. ಫ್ಲೆಕ್ಸ್ ಅಂಗಡಿಯಲ್ಲಿ ಉಳಿಯುವ ಸನ್‌ಬೋರ್ಡ್ ಎಂಬ ಪ್ಲಾಸ್ಟಿಕ್ ಹಲಗೆಯ ತುಂಡುಗಳು ನೀರನ್ನು ಹೀರುವುದಿಲ್ಲ. ಅಂಗಳಕ್ಕೆ ಸಮುದ್ರದ ಮರಳನ್ನು ಹಾಕುವುದಾದರೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ, ಇಲ್ಲವಾದರೆ ಅದರ ಉಪ್ಪು ತೇವ ಎಳೆದುಕೊಂಡು ಬಣ್ಣವನ್ನು ಎಬ್ಬಿಸುತ್ತದೆ.

ಹೊಳಪಿಲ್ಲದ ವಾರ್ನಿಷ್ ಹೊಡೆಯುವುದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಟ್ಟುಕೊಳ್ಳಬೇಡಿ. ತೇವದ ಗಾಳಿಯಲ್ಲಿ ಸ್ಪ್ರೇ ವಾರ್ನಿಷ್ ಬೆಳ್ಳಗಾಗಿ ಮಂಕು ಹಿಡಿಯುತ್ತದೆ. ಮಳೆಗಾಲದಲ್ಲೇ ಮುಗಿಸಬೇಕಾಗಿ ಬಂದರೆ ನೀರಿನಲ್ಲಿ ಕರಗುವ ವಾರ್ನಿಷ್ಷನ್ನು ಬ್ರಷ್ಷಿನಿಂದ ತೆಳುವಾಗಿ ಬಳಿದು, ಪೂರ್ತಿ ಒಣಗಲು ಬೇಸಗೆಗಿಂತ ಹೆಚ್ಚು ಸಮಯ ಕೊಡಿ.