ನಿದ್ದೆಯಲ್ಲಿ ಹಲ್ಲು ಕಡಿಯುವುದು: ಓದುಗರ ಪ್ರಶ್ನೆ, ದಂತವೈದ್ಯರ ಉತ್ತರ

ಪ್ರಶ್ನೆ: ನನಗೆ 38 ವರ್ಷ. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನೆ ಎಂಬುದು ಪತಿ ಹೇಳುವವರೆಗೂ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಏಳುವಾಗ ಎರಡೂ ಕಣತಲೆಗಳು ನೋಯುತ್ತಿರುತ್ತವೆ, ದವಡೆ ಬಿಗಿದಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಎರಡೂ ತಾವಾಗಿಯೇ ಸರಿಹೋಗುತ್ತವೆ. ದಂತವೈದ್ಯರು ರಾತ್ರಿ ಧರಿಸುವ ಹಲ್ಲುಗವಸನ್ನು ಸೂಚಿಸಿದ್ದಾರೆ. ಔಷಧಿ ಅಥವಾ ಸಾಧನದ ನೆರವಿಲ್ಲದೆ, ಸಹಜ ವಿಧಾನಗಳಿಂದಲೇ ಇದನ್ನು ನಿಲ್ಲಿಸಲು ಸಾಧ್ಯವೇ?

ಉತ್ತರ: ಪೂರ್ತಿ ನಿಲ್ಲಿಸುತ್ತೇನೆಂಬ ಭರವಸೆಯನ್ನು ಯಾವ ವಿಧಾನವೂ ಕೊಡಲಾರದು, ಹಲ್ಲುಗವಸೂ ಕೊಡಲಾರದು. ಆದರೆ ಕಡಿತದ ತೀವ್ರತೆಯನ್ನು ತಗ್ಗಿಸಲು, ಅದಕ್ಕಿಂತ ಮುಖ್ಯವಾಗಿ ಬೆಳಗಿನ ನೋವನ್ನು ಇಳಿಸಲು ನೀವೇ ಮಾಡಬಹುದಾದದ್ದು ಸಾಕಷ್ಟಿದೆ. ಅದರ ಬಹುಪಾಲನ್ನು ಮಾಡಬೇಕಾದದ್ದು ಎಚ್ಚರವಿರುವಾಗ ಎಂಬುದು ಹಲವರಿಗೆ ಅನಿರೀಕ್ಷಿತವೆನಿಸಬಹುದು.

ಮೊದಲು, ನಿದ್ದೆಯಲ್ಲಿ ಆಗುವುದೇನು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಹಲ್ಲು ಕಡಿಯುವುದು ಹೆಚ್ಚಾಗಿ ನಡೆಯುವುದು ಗಾಢ ನಿದ್ದೆಯಲ್ಲಲ್ಲ, ಹಗುರ ನಿದ್ದೆಯಲ್ಲಿ. ಮಲಗಿದ್ದವರಿಗೇ ಅರಿವಾಗದಂತೆ ಮೆದುಳು ಕೆಲವು ಸೆಕೆಂಡುಗಳ ಕಾಲ ಅರೆ ಎಚ್ಚರದ ಸ್ಥಿತಿಗೆ ಬರುತ್ತದೆ. ಆಗ ಮೆದುಳಿನ ತರಂಗಗಳು ಚುರುಕಾಗುತ್ತವೆ, ಹೃದಯದ ಬಡಿತ ಏರುತ್ತದೆ, ಅದರ ಬೆನ್ನಿಗೇ ಕೆನ್ನೆ ಮತ್ತು ಕಣತಲೆಯ ಜಗಿಯುವ ಸ್ನಾಯುಗಳು ಲಯಬದ್ಧವಾಗಿ ಸಂಕುಚಿತಗೊಳ್ಳುತ್ತವೆ. ಹಲ್ಲೇ ಕಡಿಯದ ಆರೋಗ್ಯವಂತರನ್ನು ನಿದ್ರಾ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗಲೂ ಸುಮಾರು 60 ಶೇಕಡಾ ಮಂದಿಯಲ್ಲಿ ಈ ಸ್ನಾಯುಚಲನೆಯ ಸೌಮ್ಯ ರೂಪ ಕಂಡುಬಂದಿದೆ. ಬೇರೆ ತೊಂದರೆಯಿಲ್ಲದ ವಯಸ್ಕರಲ್ಲಿ ಇದನ್ನು ರೋಗವೆಂದು ಕರೆಯದೆ, ಕೆಲವರಿಗೆ ಹಾನಿ ಮಾಡಬಹುದಾದ ಒಂದು ನಡವಳಿಕೆಯೆಂದು ಪರಿಗಣಿಸಬೇಕೆಂದು ಅಂತರರಾಷ್ಟ್ರೀಯ ತಜ್ಞರ ತಂಡವೊಂದು 2018ರಲ್ಲಿ ಅಭಿಪ್ರಾಯಪಟ್ಟದ್ದು ಇಂತಹ ತಿಳಿವಳಿಕೆಯಿಂದಲೇ. ಆದ್ದರಿಂದ ನೀವು ಗಾಬರಿಯಾಗಬೇಕಿಲ್ಲ. ನಿದ್ದೆಯನ್ನು ಪದೇ ಪದೇ ಕದಡುವ ಸಂಗತಿಗಳು ಯಾವುವೆಂದು ಹುಡುಕಬೇಕು.

ಸಂಜೆಯ ಅಭ್ಯಾಸಗಳಿಂದ ಆರಂಭಿಸಿ. ಕೆಫೀನಿನ ಅರ್ಧಭಾಗವನ್ನು ವಿಲೇವಾರಿ ಮಾಡಲು ದೇಹಕ್ಕೆ ಸರಾಸರಿ 5 ಗಂಟೆ ಬೇಕಾಗುವುದರಿಂದ, ಸಂಜೆ ಕುಡಿದ ಕಾಫಿ ಅಥವಾ ಚಹಾ ಮಧ್ಯರಾತ್ರಿಯಲ್ಲೂ ಕೆಲಸ ಮಾಡುತ್ತಿರುತ್ತದೆ. ಮಧ್ಯಾಹ್ನದ ನಂತರ ಅದನ್ನು ಬಿಟ್ಟುನೋಡಿ. ಮದ್ಯ ಬೇಗ ನಿದ್ದೆ ಬರಿಸುತ್ತದೆಂಬುದು ನಿಜವಾದರೂ, ರಾತ್ರಿಯ ಉತ್ತರಾರ್ಧದಲ್ಲಿ ಅದು ನಿದ್ದೆಯನ್ನು ತುಂಡುತುಂಡಾಗಿಸುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಮೀಕ್ಷೆಯ ಪ್ರಕಾರ, ಮದ್ಯ ಸೇವಿಸುವವರಲ್ಲಿ ಹಲ್ಲು ಕಡಿಯುವ ಸಂಭವ ಸುಮಾರು 2 ಪಟ್ಟು, ಧೂಮಪಾನಿಗಳಲ್ಲಿ 2 ಪಟ್ಟಿಗೂ ಮಿಗಿಲು, ದಿನಕ್ಕೆ 8 ಲೋಟಕ್ಕಿಂತ ಹೆಚ್ಚು ಕಾಫಿ ಕುಡಿಯುವವರಲ್ಲಿ ಸುಮಾರು ಒಂದೂವರೆ ಪಟ್ಟು. ಇವು ಎರಡು ಸಂಗತಿಗಳು ಒಟ್ಟಿಗೆ ಕಂಡುಬರುತ್ತವೆಂದು ತೋರಿಸುವ ಅಂಕಿಗಳೇ ಹೊರತು ಕಾರಣವನ್ನು ಸಾಬೀತುಪಡಿಸುವಂಥವಲ್ಲ. ಆದರೂ ಈ ಮೂರನ್ನೂ ಕಡಿಮೆ ಮಾಡುವುದರಿಂದ ಯಾರೂ ಕಳೆದುಕೊಳ್ಳುವುದೇನಿಲ್ಲ. ಪ್ರತಿದಿನ ಒಂದೇ ಹೊತ್ತಿಗೆ ಮಲಗಿ ಏಳುವುದು, ಮಲಗುವ ಮೊದಲಿನ ಒಂದು ಗಂಟೆಯನ್ನು ಕಚೇರಿಯ ಕೆಲಸ ಮತ್ತು ಮೊಬೈಲ್ ಪರದೆಯಿಂದ ಬಿಡಿಸಿಕೊಳ್ಳುವುದು ಹಳೆಯ ಸಲಹೆಗಳೇ, ಆದರೆ ಪಾಲಿಸುವವರು ಕಡಿಮೆ.

ಇನ್ನು ಹಗಲಿನ ವಿಷಯಕ್ಕೆ ಬರೋಣ. ನನ್ನ ದೃಷ್ಟಿಯಲ್ಲಿ ಇದಕ್ಕೇ ಹೆಚ್ಚು ಗಮನ ಸಲ್ಲಬೇಕು. ಬಾಯಿ ವಿಶ್ರಾಂತಿಯಲ್ಲಿರುವಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಅಂತರವಿರಬೇಕು. ಅಗಿಯುವಾಗ, ನುಂಗುವಾಗ ಕ್ಷಣಮಾತ್ರ ತಾಗುವುದನ್ನೆಲ್ಲ ಒಟ್ಟುಗೂಡಿಸಿದರೂ ಇಡೀ ದಿನದಲ್ಲಿ ಹಲ್ಲುಗಳ ಸಂಪರ್ಕ ಸುಮಾರು 20 ನಿಮಿಷವನ್ನು ಮೀರುವುದಿಲ್ಲವೆಂದು ಸಾಮಾನ್ಯ ಅಂದಾಜು. ಆದರೆ ಗಣಕಯಂತ್ರದ ಮುಂದೆ ಕುಳಿತಾಗ, ವಾಹನ ಓಡಿಸುವಾಗ, ಯಾರ ಮೇಲೋ ಬಂದ ಸಿಟ್ಟನ್ನು ನುಂಗಿಕೊಂಡಾಗ ಗಂಟೆಗಟ್ಟಲೆ ಹಲ್ಲುಗಳನ್ನು ಒತ್ತಿಹಿಡಿದಿರುವವರು ಬಹಳ ಮಂದಿ. ಹಾಗೆ ದಿನವಿಡೀ ದುಡಿದು ದಣಿದ ಸ್ನಾಯುಗಳ ಮೇಲೆ ರಾತ್ರಿಯ ಕಡಿತವೂ ಸೇರಿದಾಗಲೇ ಬೆಳಗಿನ ನೋವು ಸಹಿಸಲಾಗದಂತಾಗುವುದು.

ಪರಿಹಾರ ತೀರಾ ಸರಳ, ಬೇಕಾದದ್ದು ನೆನಪು ಮಾತ್ರ. ತುಟಿಗಳು ಹಗುರವಾಗಿ ಮುಚ್ಚಿರಲಿ, ಹಲ್ಲುಗಳು ಬೇರ್ಪಟ್ಟಿರಲಿ, ನಾಲಗೆಯ ತುದಿ ಮೇಲಿನ ಮುಂದಲ್ಲುಗಳ ಹಿಂಭಾಗದ ಅಂಗುಳಿಗೆ ಮೆಲ್ಲನೆ ತಾಗಿರಲಿ, ಉಸಿರಾಟ ಮೂಗಿನಿಂದ ನಡೆಯಲಿ. ಕಣ್ಣಿಗೆ ಬೀಳುವಲ್ಲಿ ಬಣ್ಣದ ಚೀಟಿಯೊಂದನ್ನು ಅಂಟಿಸಿ ಅಥವಾ ಮೊಬೈಲಿನಲ್ಲಿ ಗಂಟೆಗೊಮ್ಮೆ ಸೂಚನೆ ಬರುವಂತೆ ಮಾಡಿ, ಪ್ರತಿಸಲವೂ ದವಡೆ ಹೇಗಿದೆಯೆಂದು ನೋಡಿಕೊಳ್ಳಿ. ಬಿಗಿದಿದ್ದರೆ ಉಸಿರನ್ನು ನಿಧಾನವಾಗಿ ಹೊರಬಿಡುತ್ತಾ ಭುಜಗಳನ್ನೂ ದವಡೆಯನ್ನೂ ಸಡಿಲಬಿಡಿ. ಉಗುರು, ಪೆನ್ನಿನ ತುದಿ ಕಚ್ಚುವ ಅಭ್ಯಾಸವಿದ್ದರೆ ಬಿಡಿ. ಚೂಯಿಂಗ್ ಗಮ್ ದವಡೆಗೆ ವ್ಯಾಯಾಮವೆಂಬ ನಂಬಿಕೆಯೂ ನಿಮ್ಮಂಥವರಿಗೆ ಒಳ್ಳೆಯದಲ್ಲ, ಏಕೆಂದರೆ ಆ ಸ್ನಾಯುಗಳಿಗೆ ಬೇಕಿರುವುದು ವಿಶ್ರಾಂತಿ. ಮಲಗುವ ಮುನ್ನ ಹದವಾದ ಬಿಸಿಯ ಒದ್ದೆ ಬಟ್ಟೆಯನ್ನು ಕೆನ್ನೆಗಳ ಮೇಲೆ 15ರಿಂದ 20 ನಿಮಿಷ ಇಟ್ಟು, ಬಳಿಕ ಬೆರಳ ತುದಿಗಳಿಂದ ಕೆನ್ನೆ ಮತ್ತು ಕಣತಲೆಗಳನ್ನು ವೃತ್ತಾಕಾರವಾಗಿ ಮೃದುವಾಗಿ ನೀವಿಕೊಂಡರೆ ಬಿಗಿತ ಸಡಿಲವಾಗುತ್ತದೆ. ಕಾಲಿನಿಂದ ಮುಖದವರೆಗೆ ಒಂದೊಂದೇ ಸ್ನಾಯುಗುಂಪನ್ನು ಬಿಗಿಹಿಡಿದು ಸಡಿಲಿಸುವ ಅಭ್ಯಾಸವೂ ಉಪಯುಕ್ತ. ಇವೆಲ್ಲ ರಾತ್ರಿಯ ಕಡಿತವನ್ನು ಎಷ್ಟು ತಗ್ಗಿಸುತ್ತವೆ ಎಂಬುದಕ್ಕೆ ಗಟ್ಟಿಯಾದ ಪುರಾವೆ ಕಡಿಮೆ. ನೋವಿನ ಮಟ್ಟಿಗೆ ಮಾತ್ರ ಫಲ ಹೆಚ್ಚಿನವರಿಗೆ ಅನುಭವಕ್ಕೆ ಬರುತ್ತದೆ.

ಹಲ್ಲುಗವಸನ್ನು ತಳ್ಳಿಹಾಕುವ ಮೊದಲು ಯೋಚಿಸಿ. ಕೊಡೆ ಮಳೆಯನ್ನು ನಿಲ್ಲಿಸದಿದ್ದರೂ ತಲೆಯನ್ನು ಕಾಯುವ ಹಾಗೆ, ಅದು ಕಡಿತವನ್ನು ತಡೆಯದಿದ್ದರೂ ಹಲ್ಲುಗಳ ಸವೆತವನ್ನು ತನ್ನ ಮೇಲೆ ಹಾಕಿಕೊಳ್ಳುತ್ತದೆ. ಸವೆದುಹೋದ ದಂತಕವಚ ಮತ್ತೆ ಬೆಳೆಯುವುದಿಲ್ಲ. ನಿಮ್ಮ ಹಲ್ಲುಗಳಲ್ಲಿ ಬಿರುಕು, ಮುರಿದ ಭರ್ತಿ (ಫಿಲ್ಲಿಂಗ್) ಅಥವಾ ಹೊಸ ಸವೆತ ಕಂಡಿದ್ದರೆ ಗವಸನ್ನು ಧರಿಸಿ, ಜೊತೆಗೆ ಮೇಲಿನ ಕ್ರಮಗಳನ್ನೂ ಪಾಲಿಸಿ. ಸವೆತವಿಲ್ಲದೆ ನೋವು ಮಾತ್ರವಿದ್ದರೆ, ದಂತವೈದ್ಯರಿಗೆ ತಿಳಿಸಿ, ಎಂಟು ಹತ್ತು ವಾರ ಈ ಕ್ರಮಗಳನ್ನಷ್ಟೇ ಪ್ರಯತ್ನಿಸಿ ನೋಡುವುದರಲ್ಲಿ ತಪ್ಪೇನಿಲ್ಲ. ಕಡಿತ ರಾತ್ರಿಯಿಂದ ರಾತ್ರಿಗೆ ಬಹಳ ಏರಿಳಿಯುವುದರಿಂದ ಒಂದೆರಡು ದಿನದ ಫಲವನ್ನು ನಂಬಬೇಡಿ. ಬೆಳಗಿನ ನೋವಿಗೆ 0ಯಿಂದ 10ರವರೆಗೆ ಅಂಕ ಕೊಟ್ಟು, ಹಿಂದಿನ ದಿನದ ಒತ್ತಡ, ಕಾಫಿ, ನಿದ್ದೆಯ ಹೊತ್ತನ್ನೂ ಅದರ ಪಕ್ಕದಲ್ಲಿ ಬರೆದಿಡಿ. ಪತಿಯ ಕಿವಿಯೂ ಒಳ್ಳೆಯ ಸಾಕ್ಷಿಯೇ, ಆದರೆ ಸದ್ದಿಲ್ಲದೆ ಒತ್ತಿಹಿಡಿಯುವುದು ಅವರಿಗೆ ಕೇಳಿಸದು.

ಪ್ರಶ್ನೆ: ಮೆಗ್ನೀಸಿಯಂ ಮಾತ್ರೆಯಿಂದ ಹಲ್ಲು ಕಡಿಯುವುದು ನಿಲ್ಲುತ್ತದೆ ಎಂದು ಹಲವರು ಹೇಳುತ್ತಾರೆ. ಗಿಡಮೂಲಿಕೆಯ ನಿದ್ದೆ ಪುಡಿಗಳೂ ಸಿಗುತ್ತವೆ. ಇವು ಸಹಜ ವಸ್ತುಗಳೇ ಆದ್ದರಿಂದ ತೆಗೆದುಕೊಳ್ಳಬಹುದಲ್ಲವೇ?

ಉತ್ತರ: ಸ್ನಾಯುಗಳು ಸಂಕುಚಿತಗೊಂಡು ಸಡಿಲವಾಗುವ ಕ್ರಿಯೆಯಲ್ಲಿ ಮೆಗ್ನೀಸಿಯಂ ಪಾತ್ರ ವಹಿಸುತ್ತದೆ, ಅದರ ತೀವ್ರ ಕೊರತೆಯಾದರೆ ಸ್ನಾಯು ಸೆಳೆತ ಬರುವುದೂ ನಿಜ. ಈ ಎರಡು ಸತ್ಯಗಳಿಂದ, ಕೊರತೆಯೇ ಇಲ್ಲದವರಿಗೂ ಮಾತ್ರೆಯಿಂದ ಹಲ್ಲು ಕಡಿತ ನಿಲ್ಲುತ್ತದೆಂಬ ತೀರ್ಮಾನಕ್ಕೆ ನೆಗೆಯಲಾಗಿದೆ; ಆ ನೆಗೆತಕ್ಕೆ ನಂಬಬಹುದಾದ ಪ್ರಯೋಗಗಳ ಬೆಂಬಲವಿಲ್ಲ. ಹೆಚ್ಚು ತೆಗೆದುಕೊಂಡರೆ ಭೇದಿಯಾಗುತ್ತದೆ. ಮೂತ್ರಪಿಂಡದ ಕಾಯಿಲೆಯಿರುವವರಲ್ಲಿ ಅದು ರಕ್ತದಲ್ಲಿ ಶೇಖರವಾಗಿ ಅಪಾಯ ತರಬಹುದು. ಥೈರಾಯ್ಡ್ ಮಾತ್ರೆ ಮತ್ತು ಕೆಲವು ಪ್ರತಿಜೀವಕಗಳು ಕರುಳಿನಲ್ಲಿ ಹೀರಲ್ಪಡುವುದನ್ನೂ ಅದು ತಡೆಯುತ್ತದೆ. ವೈದ್ಯರು ಪರೀಕ್ಷೆ ಮಾಡಿಸಿ ಕೊರತೆಯಿದೆಯೆಂದರೆ ಮಾತ್ರ ತೆಗೆದುಕೊಳ್ಳಿ. ಇಲ್ಲವಾದರೆ ಕಾಳು, ಬೀಜ, ಹಸಿರು ಸೊಪ್ಪುಗಳಿರುವ ಸಾಮಾನ್ಯ ಆಹಾರವೇ ಸಾಕು.

ಮೂಲಿಕೆಗಳ ಬಗ್ಗೆಯೂ ನನ್ನ ಉತ್ತರ ಹೆಚ್ಚು ಭಿನ್ನವಲ್ಲ. ನಿದ್ದೆಗೆಂದು ಹೆಸರಾದ ವಲೇರಿಯನ್ ಬೇರು ಹಲ್ಲು ಕಡಿತವನ್ನು ತಗ್ಗಿಸುತ್ತದೆಂಬುದಕ್ಕೆ ಆಧಾರವಿಲ್ಲ, ಮತ್ತು ನಿದ್ದೆಮಾತ್ರೆ ಅಥವಾ ಮದ್ಯದ ಜೊತೆ ಸೇರಿದರೆ ಅದು ಅತಿಯಾದ ಮಂಪರು ತರಬಹುದು. ಸಹಜವೆಂಬ ಕಾರಣಕ್ಕೆ ವಸ್ತುವೊಂದು ನಿರಪಾಯಕಾರಿಯಾಗುವುದಿಲ್ಲ. ಹೊಗೆಸೊಪ್ಪೂ ಗಿಡದಲ್ಲೇ ಬೆಳೆಯುತ್ತದೆ. ಕೆಫೀನಿಲ್ಲದ ಬೆಚ್ಚಗಿನ ಪಾನೀಯವನ್ನು ಮಲಗುವ ಮುನ್ನ ನಿಧಾನವಾಗಿ ಕುಡಿಯುವುದು ನಿಮಗೆ ಹಿತವೆನಿಸಿದರೆ ಧಾರಾಳವಾಗಿ ಕುಡಿಯಿರಿ, ಆದರೆ ಅದನ್ನು ಔಷಧಿಯೆಂದು ಭಾವಿಸಬೇಡಿ. ಒಸಡಿಗೆ ಲವಂಗದೆಣ್ಣೆ ಹಚ್ಚುವವರೂ ಇದ್ದಾರೆ. ತೊಂದರೆಯ ಮೂಲ ಒಸಡಿನಲ್ಲಿ ಇಲ್ಲದಿರುವುದರಿಂದ ಅಲ್ಲಿ ಉರಿ ತರಿಸಿಕೊಂಡು ಪ್ರಯೋಜನವಿಲ್ಲ.

ಪ್ರಶ್ನೆ: ಹಲ್ಲುಗಳು ಸರಿಯಾಗಿ ಹೊಂದಿಕೊಳ್ಳದಿರುವುದೇ ಕಾರಣವೆಂದು, ಎತ್ತರದ ಹಲ್ಲುಗಳನ್ನು ಉಜ್ಜಿ ಸಮ ಮಾಡಿಸಿಕೊಳ್ಳುವಂತೆ ನನಗೆ ಸಲಹೆ ಬಂದಿದೆ. ಮಾಡಿಸಲೇ?

ಉತ್ತರ: ಕೇವಲ ಈ ಕಾರಣಕ್ಕಾಗಿ ಬೇಡ. ಹಿಂದೆ ಹಾಗೆ ನಂಬಲಾಗಿತ್ತು. ಕಡಿತದ ಆದೇಶ ಬರುವುದು ಮೆದುಳಿನಿಂದಲೇ ಹೊರತು ಹಲ್ಲುಗಳ ಜೋಡಣೆಯಿಂದಲ್ಲ ಎಂಬುದು ಈಗ ಬಹುಮಟ್ಟಿಗೆ ಒಪ್ಪಿತವಾದ ವಿಷಯ. ಹೊಸದಾಗಿ ಹಾಕಿಸಿದ ಭರ್ತಿ ಅಥವಾ ಕಿರೀಟ (ಹಲ್ಲಿನ ಮೇಲೆ ತೊಡಿಸುವ ಕೃತಕ ಹೊದಿಕೆ) ಎತ್ತರವಾಗಿದ್ದರೆ ಅದನ್ನು ಸರಿಪಡಿಸುವುದು ಬೇರೆ ಮಾತು. ಆರೋಗ್ಯವಾಗಿರುವ ಹಲ್ಲನ್ನು ಒಮ್ಮೆ ಉಜ್ಜಿದರೆ ಅದನ್ನು ಹಿಂದಿನಂತೆ ಮಾಡಲಾಗದು.

ಪ್ರಶ್ನೆ: ಆರು ವರ್ಷದ ಮಗ ನಿದ್ದೆಯಲ್ಲಿ ಜೋರಾಗಿ ಹಲ್ಲು ಕಡಿಯುತ್ತಾನೆ. ಹೊಟ್ಟೆಹುಳುವಿನ ಔಷಧಿ ಕೊಟ್ಟರೂ ಕಡಿಮೆಯಾಗಿಲ್ಲ. ಏನು ಮಾಡಬೇಕು?

ಉತ್ತರ: ಹೊಟ್ಟೆಹುಳುವೇ ಇದಕ್ಕೆ ಕಾರಣವೆಂಬ ನಂಬಿಕೆ ಬಲು ಹಳೆಯದು, ಬಲು ವ್ಯಾಪಕವಾದದ್ದು, ಆದರೆ ಈ ನಂಟು ಖಚಿತವಾಗಿ ಸಾಬೀತಾಗಿಲ್ಲ. ಹುಳುವಿನ ಲಕ್ಷಣಗಳಿದ್ದರೆ ಔಷಧಿ ಕೊಡಿ, ಹಲ್ಲು ಕಡಿಯುವುದಕ್ಕಾಗಿ ಅದನ್ನು ಮತ್ತೆ ಮತ್ತೆ ಕೊಡಬೇಡಿ. ಮಕ್ಕಳಲ್ಲಿ ಹಲ್ಲು ಕಡಿತ ದೊಡ್ಡವರಿಗಿಂತ ಹೆಚ್ಚು ಸಾಮಾನ್ಯ. ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲುಗಳು ಬರುವ ವಯಸ್ಸಿನಲ್ಲಿ ಅದು ಹೆಚ್ಚಿನವರಲ್ಲಿ ಚಿಕಿತ್ಸೆಯಿಲ್ಲದೆಯೇ ತಗ್ಗುತ್ತದೆ. ಬೆಳೆಯುತ್ತಿರುವ ದವಡೆಗೆ ಗವಸನ್ನು ಸಾಮಾನ್ಯವಾಗಿ ಹಾಕುವುದೂ ಇಲ್ಲ. ಸದ್ದು ಕೇಳಿ ನಿಮ್ಮ ಕರುಳು ಚುರುಕ್ಕೆನ್ನುವುದು ಸಹಜ, ಆದರೂ ಮಗುವನ್ನು ಎಬ್ಬಿಸಬೇಡಿ.

ಗಮನಿಸಬೇಕಾದ ವಿಷಯ ಬೇರೊಂದಿದೆ. ಮಗು ಗೊರಕೆ ಹೊಡೆಯುತ್ತದೆಯೇ, ಬಾಯಿ ತೆರೆದುಕೊಂಡು ಮಲಗುತ್ತದೆಯೇ, ನಿದ್ದೆಯಲ್ಲಿ ಉಸಿರಿಗೆ ತಡವರಿಸುತ್ತದೆಯೇ, ಹಗಲಿನಲ್ಲಿ ಅತಿಯಾದ ಚಡಪಡಿಕೆ ತೋರುತ್ತದೆಯೇ ಎಂದು ನೋಡಿ. ಇದ್ದರೆ ಮೂಗಿನ ಹಿಂಭಾಗದ ಅಡಿನಾಯ್ಡ್ ಅಥವಾ ಗಂಟಲಿನ ಟಾನ್ಸಿಲ್ ಗ್ರಂಥಿಗಳು ದೊಡ್ಡದಾಗಿ ಉಸಿರಾಟಕ್ಕೆ ಅಡ್ಡಿಯಾಗಿರಬಹುದು. ಕಿವಿ, ಮೂಗು, ಗಂಟಲಿನ ತಜ್ಞರಿಗೆ ತೋರಿಸಿ. ಇಲ್ಲವಾದರೆ, ಹೊತ್ತಿಗೆ ಸರಿಯಾಗಿ ಮಲಗಿಸುವುದು ಮತ್ತು ಆರು ತಿಂಗಳಿಗೊಮ್ಮೆ ಹಲ್ಲು ಪರೀಕ್ಷೆ ಮಾಡಿಸುವುದು ಸಾಕು.

ಪ್ರಶ್ನೆ: ನನಗೆ 52 ವರ್ಷ. ಜೋರು ಗೊರಕೆಯೂ ಇದೆ, ಹಲ್ಲು ಕಡಿಯುವುದೂ ಇದೆ. ಹಗಲಿನಲ್ಲಿ ಕುಳಿತಲ್ಲೇ ತೂಕಡಿಸುತ್ತೇನೆ. ಬಿಸಿನೀರಲ್ಲಿ ಮೆತ್ತಗಾಗಿಸಿ ಕಚ್ಚಿ ಹೊಂದಿಸಿಕೊಳ್ಳುವ ಗವಸನ್ನು ನಾನೇ ತಂದು ಹಾಕಿಕೊಳ್ಳುತ್ತಿದ್ದೇನೆ. ಇನ್ನೂ ಏನು ಸಹಜ ಉಪಾಯ ಮಾಡಬಹುದು?

ಉತ್ತರ: ಉಪಾಯಗಳಿಗೆ ಮೊದಲು ನಿದ್ದೆಯ ಪರೀಕ್ಷೆ ಮಾಡಿಸಿಕೊಳ್ಳಿ. ಗೊರಕೆ ಮತ್ತು ಹಗಲಿನ ತೂಕಡಿಕೆ ಒಟ್ಟಿಗೆ ಇದ್ದರೆ ನಿದ್ದೆಯಲ್ಲಿ ಉಸಿರು ಪದೇ ಪದೇ ನಿಲ್ಲುವ ಸ್ಲೀಪ್ ಅಪ್ನಿಯಾ ಇರುವ ಸಾಧ್ಯತೆ ಸಾಕಷ್ಟಿದೆ, ಮತ್ತು ಅದು ಹಲ್ಲಿಗಿಂತ ಹೃದಯಕ್ಕೆ ಹೆಚ್ಚು ಕೇಡು ಮಾಡುತ್ತದೆ. ಮೇಲ್ದವಡೆಗೆ ಹಾಕುವ ಸಾಮಾನ್ಯ ಗವಸು ಅಪ್ನಿಯಾ ಇರುವ ಕೆಲವರಲ್ಲಿ ಉಸಿರಾಟದ ಅಡಚಣೆಯನ್ನು ಹೆಚ್ಚಿಸಬಹುದು; ಮೆತ್ತನೆಯ ಗವಸು ಕೆಲವರಲ್ಲಿ ಕಚ್ಚುವಿಕೆಯನ್ನೂ ಹೆಚ್ಚಿಸುತ್ತದೆ. ಆದ್ದರಿಂದ ಪರೀಕ್ಷೆ ಆಗುವವರೆಗೆ ನಿಮ್ಮ ಗವಸಿನ ಬಗ್ಗೆ ದಂತವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಅಂಗಾತ ಮಲಗುವ ಬದಲು ಮಗ್ಗುಲಾಗಿ ಮಲಗುವುದು, ತೂಕ ಹೆಚ್ಚಿದ್ದರೆ ಇಳಿಸುವುದು, ರಾತ್ರಿಯ ಮದ್ಯವನ್ನು ಬಿಡುವುದು ಗೊರಕೆಗೂ ಹಿತ, ಕಡಿತಕ್ಕೂ ಹಿತ. ಎದೆಯುರಿ, ಹುಳಿತೇಗು ಇದ್ದರೆ ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆ ಬಿಡಿ, ಹಾಸಿಗೆಯ ತಲೆಭಾಗವನ್ನು ಎತ್ತರಿಸಿಕೊಳ್ಳಿ. ಆಮ್ಲ ಬಾಯಿಗೆ ಬಂದರೆ ಹಲ್ಲಿನ ಕವಚ ಮೆದುವಾಗಿ ಕಡಿತದ ಸವೆತ ಇಮ್ಮಡಿಸುವುದರಿಂದ, ನೀರಿನಿಂದ ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಕಳೆದ ಬಳಿಕವೇ ಹಲ್ಲುಜ್ಜಿ. ಅಪ್ನಿಯಾ ಇದೆಯೆಂದಾದರೆ ಇವು ಅದರ ಚಿಕಿತ್ಸೆಗೆ ಪೂರಕವಾಗುತ್ತವೆಯೇ ಹೊರತು ಬದಲಿಯಾಗುವುದಿಲ್ಲ.

ಪ್ರಶ್ನೆ: ಖಿನ್ನತೆಗೆ ಮಾತ್ರೆ ಆರಂಭಿಸಿದ ಕೆಲವು ವಾರಗಳಲ್ಲಿ ಹಲ್ಲು ಕಡಿಯಲು ತೊಡಗಿದ್ದೇನೆ. ಮಾತ್ರೆ ಬಿಟ್ಟು ಧ್ಯಾನ, ಪ್ರಾಣಾಯಾಮಕ್ಕೆ ಹೊರಳಬಹುದೇ?

ಉತ್ತರ: ಧ್ಯಾನ, ಪ್ರಾಣಾಯಾಮಗಳನ್ನು ಖಂಡಿತ ಮಾಡಿ, ಆದರೆ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಫ್ಲುಆಕ್ಸೆಟಿನ್, ಸರ್ಟ್ರಲಿನ್, ಪ್ಯಾರಾಕ್ಸೆಟಿನ್, ವೆನ್ಲಫ್ಯಾಕ್ಸಿನ್‌ನಂತಹ ಔಷಧಿಗಳಿಂದ ಕೆಲವರಲ್ಲಿ ಹಲ್ಲು ಕಡಿತ ಆರಂಭವಾಗುವುದು ತಿಳಿದಿರುವ ಅಡ್ಡಪರಿಣಾಮವೇ. ಆದ್ದರಿಂದ ನಿಮ್ಮ ಅನುಮಾನ ಆಧಾರವಿಲ್ಲದ್ದಲ್ಲ. ಅವನ್ನು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಳವಳ, ನಿದ್ರಾಹೀನತೆ ಬರಬಹುದು, ಖಿನ್ನತೆಯೂ ಮರುಕಳಿಸಬಹುದು. ಮಾತ್ರೆ ಯಾವ ವಾರ ಆರಂಭವಾಯಿತು, ಪ್ರಮಾಣ ಯಾವಾಗ ಬದಲಾಯಿತು, ದವಡೆನೋವು ಯಾವಾಗ ಶುರುವಾಯಿತು ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಂಡು ಮನೋವೈದ್ಯರ ಮುಂದಿಡಿ. ಪ್ರಮಾಣ ಇಳಿಸುವುದು, ಬೇರೆ ಔಷಧಿಗೆ ಬದಲಿಸುವುದು ಅಥವಾ ಪರಿಹಾರಕ ಔಷಧಿಯೊಂದನ್ನು ಸೇರಿಸುವುದು ಅವರ ಕೈಯಲ್ಲಿರುವ ದಾರಿಗಳು. ಅಲ್ಲಿಯವರೆಗೆ ಹಲ್ಲುಗಳ ರಕ್ಷಣೆಗೆ ದಂತವೈದ್ಯರು ಅಳತೆ ತೆಗೆದು ಮಾಡಿಕೊಡುವ ಗಟ್ಟಿಯಾದ ಗವಸನ್ನು ಬಳಸಿ.