ಬಂಬ ತೆಗೆದು ಹೀಟ್ ಪಂಪ್ ಹಾಕಿಸಬಹುದಾ?

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅವರ ಮನೆಯ ಗ್ಯಾಸ್ ಬಾಯ್ಲರ್ ತೆಗೆಸಿ ಹೀಟ್ ಪಂಪ್ ಹಾಕಿಸಿದರಂತೆ, ಸರ್ಕಾರ 7,500 ಪೌಂಡ್ ಕೊಟ್ಟಿತಂತೆ. ನಮ್ಮದು ಶಹಾಪುರದ ಹಳೇ ಮನೆ, ಎಂಟು ಜನ. ಇವತ್ತಿಗೂ ತಾಮ್ರದ ಬಂಬಕ್ಕೆ ಕಟ್ಟಿಗೆ ಹಾಕಿ ನೀರು ಕಾಯಿಸುತ್ತೇವೆ. ‘ನೀವೂ ಅದನ್ನೇ ಹಾಕಿಸಿ, ಕಾರ್ಬನ್ ಕಡಿಮೆಯಾಗುತ್ತೆ’ ಅಂತ ಅವಳ ಹಠ. ತಣ್ಣನೆ ಗಾಳಿಯಿಂದ ನೀರು ಕಾಯೋದು ಹೇಗೆ?
– ಓದುಗರು, ಬೆಳಗಾವಿ

ಉತ್ತರ: ಫ್ರಿಜ್ಜಿನ ಹಿಂದೆ ಒಮ್ಮೆ ಕೈ ಇಟ್ಟು ನೋಡಿ. ಬೆಚ್ಚಗಿರುತ್ತದೆ, ಅಲ್ವಾ? ಒಳಗಿನ ಹಾಲು, ತರಕಾರಿಯಿಂದ ಎಳೆದ ಶಾಖ ಅದು. ಹೀಟ್ ಪಂಪ್ ಹೊರಗಿನ ಗಾಳಿಯ ಶಾಖವನ್ನು ಹಾಗೇ ಎಳೆದು ನೀರಿಗೆ ಕೊಡುತ್ತದೆ. ಕರೆಂಟು ಬೇಕಾಗೋದು ಶಾಖ ಹುಟ್ಟಿಸಲು ಅಲ್ಲ, ಸಾಗಿಸಲು. ಸೊನ್ನೆಗಿಂತ ಕೆಳಗಿಳಿಯುವ ನಾರ್ವೆಯ ಚಳಿಯಲ್ಲೇ ಅದು ನಡೆಯುತ್ತದೆ, ನಮ್ಮ ಜನವರಿಯ ಮುಂಜಾವು ಅದಕ್ಕೆ ಲೆಕ್ಕವೇ ಇಲ್ಲ.

ಈಗ ಕಾರ್ಬನ್ ವಿಷಯ. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು ಗೀಸರ್‌ಗೆ ಸುಮಾರು 3 ಯೂನಿಟ್ ಬೇಕು, ಹೀಟ್ ಪಂಪ್‌ಗೆ ಒಂದರ ಆಸುಪಾಸು ಸಾಕು. ನಮ್ಮ ದೇಶದ ಕರೆಂಟು ಹೆಚ್ಚಾಗಿ ಕಲ್ಲಿದ್ದಲಿನದು, ಯೂನಿಟ್‌ಗೆ ಸುಮಾರು 700 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಗೀಸರ್‌ನಿಂದ 2 ಕಿಲೋ, ಹೀಟ್ ಪಂಪ್‌ನಿಂದ ಮುಕ್ಕಾಲು ಕಿಲೋ. ಗ್ಯಾಸ್ ಗೀಸರ್ ಆದರೆ 800–900 ಗ್ರಾಂ.

ಆದರೆ ನಿಮ್ಮ ಬಂಬ ಬೇರೆ ಕಥೆ. ತೋಟದ ಒಣ ಟೊಂಗೆ ಉರಿಸುತ್ತಿದ್ದರೆ ಆ ಕಾರ್ಬನ್ ಮತ್ತೆ ಚಿಗುರುವ ಗಿಡಕ್ಕೇ ಹೋಗುತ್ತದೆ. ಬಂಬದ ನಿಜವಾದ ತೊಂದರೆ ಹೊಗೆ, ಬೆಳಗಾದರೆ ಒಲೆ ಊದುವವರ ಎದೆ. ಹೊಗೆಗೋಸ್ಕರ ಬದಲಿಸಿ, ಖಂಡಿತ ಬದಲಿಸಿ. ಆದರೆ ಅಗ್ಗವಾಯಿತು ಅಂತ ಸುಮ್ನೆ ಕಾಯಿಲ್ ಗೀಸರ್ ತಂದರೆ ಮಗಳ ಲೆಕ್ಕ ಉಲ್ಟಾ ಆಗುತ್ತದೆ!

ಎಂಟು ಜನರ ಮನೆಗೆ ಹೀಟ್ ಪಂಪ್ ಒಪ್ಪುತ್ತದೆ. ಮೂರು ಜನರಿದ್ದರೆ ಸೋಲಾರ್ ಸಾಕು ಅನ್ನುತ್ತಿದ್ದೆ, ಆದರೂ ನಮ್ಮ ಜುಲೈ ಮಳೆಯಲ್ಲಿ ಸೋಲಾರ್ ನೀರು ಉಗುರು ಬೆಚ್ಚಗೂ ಆಗೋದಿಲ್ಲ. ಹೀಟ್ ಪಂಪ್ ಬೆಲೆ ಗೀಸರ್‌ನ ಹಲವು ಪಟ್ಟು, ಮೊದಲೇ ತಿಳಿದಿರಲಿ. ಬಚ್ಚಲೊಳಗೆ ಇಡಬೇಡಿ, ಅದು ತಣ್ಣನೆ ಗಾಳಿ ಉಗುಳುತ್ತದೆ. ಹಿತ್ತಲಿನಲ್ಲೋ ಮಾಳಿಗೆಯಲ್ಲೋ ಇಡಿ. ಬೋರ್ ನೀರಾದರೆ ಗಡಸುತನ ಪರೀಕ್ಷೆ ಮಾಡಿಸಿ. ನಮ್ಮ ಮನೆ ಗೀಸರ್ ಕಾಯಿಲ್ ಎರಡೇ ವರ್ಷಕ್ಕೆ ಸುಣ್ಣದ ಕೋಲಿನಂತಾಗಿತ್ತು. ರಿಪೇರಿಯವನು ಅದನ್ನು ಕಲ್ಲಿಗೆ ಬಡಿದು ಉದುರಿಸಿ, ‘ಬೋರ್ ನೀರ್ ಸರ್ರ, ಏನ್ ಮಾಡೂದು’ ಅಂದ.

ಬಂಬ ಮಾತ್ರ ಮೋಡಕಾಕ್ಕೆ ಹಾಕಬೇಡಿ. ದೀಪಾವಳಿಯಲ್ಲಿ ನೀರು ತುಂಬೋಕೆ ಬೇಕಲ್ಲ.